ಲಿನಕ್ಸ್‌ನಲ್ಲಿ ಮದುವೆ ಮಿಕ್ಸಿಂಗ್: ರಿಸಾಲ್ವ್ ಸರಿಯೋ, ಕೆಡೆನ್‌ಲೈವ್ ಸರಿಯೋ?

ಕೊಪ್ಪಳ, ಗಂಗಾವತಿ ಕಡೆ ಮದುವೆ ಮಿಕ್ಸಿಂಗ್, ಅಂದರೆ ವಿಡಿಯೊ ಎಡಿಟಿಂಗ್, ಮಾಡುವ ಸಾಫ್ಟ್‌ವೇರ್ ಅಂದರೆ ಎಡಿಯಸ್, ಇಲ್ಲಾಂದ್ರೆ ಪ್ರೀಮಿಯರ್. ಎರಡೂ ಲಿನಕ್ಸ್‌ಗೆ ಬರುವುದಿಲ್ಲ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿ ಓಡಿಸೋಣ ಅನ್ನುವವರು ಇದ್ದಾರೆ. ದುಡ್ಡಿನ ಕೆಲಸವನ್ನು ಅದರ ಮೇಲೆ ನಂಬಿ ಕೂರಲು ಆಗುವುದಿಲ್ಲ, ಆ ದಾರಿ ಬಿಟ್ಟುಬಿಡಿ. ಲಿನಕ್ಸ್‌ಗೇ ಬರುವ ಲೈಟ್‌ವರ್ಕ್ಸ್ ಅಂತ ಒಂದು ಎಡಿಟರ್ ಇದೆ. ಹಾಲಿವುಡ್‌ನ ಸಿನಿಮಾ ಎಡಿಟರ್ ಥೆಲ್ಮಾ ಸ್ಕೂನ್‌ಮೇಕರ್ ಅದರಲ್ಲಿ ಎಡಿಟ್ ಮಾಡಿದವರು. ಆದರೆ ಅದರ ಉಚಿತ ಆವೃತ್ತಿಯಿಂದ 720ಪಿಗಿಂತ (ಫುಲ್ ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆ) ದೊಡ್ಡ ವಿಡಿಯೊ ಹೊರಗೆ ತೆಗೆಯಲು ಬರಲ್ಲ. ಇವತ್ತು 720 ಕೊಟ್ಟರೆ ಪಾರ್ಟಿ ಬಾಕಿ ದುಡ್ಡು ಕೊಡುತ್ತಾರಾ?

ಹಾಗಾಗಿ ನಾನು ಮದುವೆ ಕೆಲಸಕ್ಕೆ ಹಚ್ಚಿ ನೋಡಿದ್ದು ಎರಡನ್ನು: ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಮತ್ತು ಕೆಡೆನ್‌ಲೈವ್. ಕಂಪ್ಯೂಟರಿನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04, 16 ಜಿಬಿ ರ್‍ಯಾಮ್, ಎನ್‌ವಿಡಿಯಾದ 6 ಜಿಬಿ ಗ್ರಾಫಿಕ್ಸ್ ಕಾರ್ಡ್.

ಹಾಕಿಕೊಳ್ಳುವುದರಲ್ಲಿ ಸ್ಪರ್ಧೆಯೇ ಇಲ್ಲ. ಕೆಡೆನ್‌ಲೈವ್‌ನ ಆ್ಯಪ್‌ಇಮೇಜ್ (ಇಡೀ ಪ್ರೋಗ್ರಾಂ ಇರುವ ಒಂದೇ ಫೈಲ್) ಇಳಿಸಿ, ಓಡಲು ಅನುಮತಿ ಕೊಟ್ಟು, ಕ್ಲಿಕ್ ಮಾಡಿದರೆ ಸಾಕು. ರಿಸಾಲ್ವ್ ಹಾಗಲ್ಲ. ಅದನ್ನು ತಯಾರಿಸುವವರು ರಾಕಿ ಲಿನಕ್ಸ್ ಎಂಬ ಇನ್ನೊಂದು ಬಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ನಮ್ಮ ಉಬುಂಟು ಅವರ ಲೆಕ್ಕದಲ್ಲಿ ಇಲ್ಲ. 24.04ರಲ್ಲಿ ಕೆಲವು ಪ್ಯಾಕೇಜ್‌ಗಳ (ಪ್ರೋಗ್ರಾಂಗೆ ಬೇಕಾದ ಬಿಡಿಭಾಗಗಳ) ಹೆಸರಿನ ಕೊನೆಗೆ ಟಿ64 ಅಂತ ಸೇರಿಕೊಂಡಿದೆ. ಪ್ಯಾಕೇಜ್ ಇದ್ದರೂ ರಿಸಾಲ್ವ್‌ನ ಇನ್‌ಸ್ಟಾಲರ್ ಹಳೆ ಹೆಸರು ಹುಡುಕಿ, ಇಲ್ಲ ಎಂದು ನಿಂತುಬಿಡುತ್ತದೆ. ಪ್ಯಾಕೇಜ್ ಪರೀಕ್ಷೆ ಬಿಟ್ಟು ಮುಂದೆ ಹೋಗು ಎಂದು ಹೇಳಿ ಓಡಿಸಬೇಕು. ಆಮೇಲೂ ಐಕಾನ್ ಒತ್ತಿದರೆ ಏನೂ ಆಗಲ್ಲ, ಒಂದು ಎರರ್ ಕೂಡ ಬರಲ್ಲ. ಟರ್ಮಿನಲ್‌ನಿಂದ ಓಡಿಸಿ ನೋಡಿದರೆ ಜಗಳ ಗೊತ್ತಾಗುತ್ತದೆ: ರಿಸಾಲ್ವ್ ತನ್ನ ಜೊತೆ ತಂದ ಹಳೆ ಜಿಲಿಬ್ ಲೈಬ್ರರಿಗಳಿಗೂ ಉಬುಂಟುವಿನ ಹೊಸವಕ್ಕೂ ಹೊಂದಿಕೆ ಆಗುತ್ತಿಲ್ಲ. ಅವನ್ನು ರಿಸಾಲ್ವ್‌ನ ಲಿಬ್ಸ್ ಫೋಲ್ಡರ್‌ನಿಂದ ತೆಗೆದು ಬೇರೆ ಕಡೆ ಇಟ್ಟರೆ ತೆರೆದುಕೊಳ್ಳುತ್ತದೆ. ಎನ್‌ವಿಡಿಯಾದ ಸ್ವಂತ ಡ್ರೈವರ್ ಮೊದಲೇ ಹಾಕಿರಬೇಕು. ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದರೆ ರಿಸಾಲ್ವ್ ಯೋಚನೆಯನ್ನೇ ಬಿಡಿ.

ಇಷ್ಟಾದ ಮೇಲೆ ನಿಜವಾದ ತೊಂದರೆ ಶುರು. ಕ್ಯಾಮೆರಾದ ಎಂಪಿ4 ಎಳೆದು ಹಾಕಿದರೆ ಚಿತ್ರವೇ ಬರಲ್ಲ! ಲಿನಕ್ಸ್‌ನ ಉಚಿತ ರಿಸಾಲ್ವ್, ವಿಡಿಯೊ ಕುಗ್ಗಿಸಿಡುವ ವಿಧಾನಗಳಾದ ಎಚ್.264 ಮತ್ತು ಎಚ್.265 ಅನ್ನು ಓದುವುದಿಲ್ಲ. ನಮ್ಮ ಮದುವೆ ಕ್ಯಾಮೆರಾ, ಡ್ರೋನ್, ಫೋನ್ ಎಲ್ಲವೂ ಕೊಡುವುದು ಇವೆರಡನ್ನೇ ಅಲ್ವಾ? ಫೋನ್ ಕ್ಲಿಪ್‌ನ ಎಎಸಿ ಸೌಂಡ್ ಕೂಡ ಕೇಳಿಸಲ್ಲ. ಇದೇ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಎಚ್.264 ಓದುತ್ತದೆ ಅನ್ನುವುದು ಇನ್ನೂ ಹೊಟ್ಟೆ ಉರಿಸುವ ವಿಷಯ.

ದಾರಿ ಇದೆ. ವಿಡಿಯೊ ಬದಲಾಯಿಸುವ ಉಚಿತ ಸಾಧನ ಎಫ್‌ಎಫ್‌ಎಂಪೆಗ್‌ನಿಂದ ಎಲ್ಲವನ್ನೂ ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಾಯಿಸಿ, ಸೌಂಡನ್ನು ಕುಗ್ಗಿಸದ ಪಿಸಿಎಂ ಮಾಡಿ ಕೊಟ್ಟರೆ ರಿಸಾಲ್ವ್ ಖುಷಿಯಾಗಿ ಓಡುತ್ತದೆ. ಆದರೆ ಲೆಕ್ಕ ಹಾಕಿ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ತೆಗೆದ ಒಂದು ಗಂಟೆ ಫುಲ್ ಎಚ್‌ಡಿ ಫುಟೇಜ್ ಸುಮಾರು 22 ಜಿಬಿ. ಅದನ್ನೇ 25 ಫ್ರೇಮಿನ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂ ಮಾಡಿದರೆ 83 ಜಿಬಿ ಹತ್ತಿರ. ಎರಡು ಕ್ಯಾಮೆರಾ ಸೇರಿ ಆರು ಗಂಟೆ ಫುಟೇಜ್ ಇದ್ದರೆ ಒಂದೇ ಮದುವೆಗೆ 500 ಜಿಬಿ. ಸೀಸನ್‌ನಲ್ಲಿ ಸಾಲುಸಾಲು ಮುಹೂರ್ತ ಇರುವಾಗ ಇಷ್ಟು ಡಿಸ್ಕ್ ಎಲ್ಲಿಂದ ತರೋದು?

ಕೆಡೆನ್‌ಲೈವ್‌ಗೆ ಈ ಮಡಿವಂತಿಕೆ ಇಲ್ಲ. ಒಳಗೆ ಎಫ್‌ಎಫ್‌ಎಂಪೆಗ್ ಇರುವುದರಿಂದ ಏನು ಕೊಟ್ಟರೂ ನುಂಗುತ್ತದೆ. ಮಾವನ ಕಡೆಯವರು ಫೋನ್‌ನಲ್ಲಿ ತೆಗೆದ, ಫ್ರೇಮ್ ರೇಟ್ ಏರುಪೇರಾಗುವ ಕ್ಲಿಪ್ ಕೊಟ್ಟರೆ, ಇದನ್ನು ಎಡಿಟಿಂಗ್‌ಗೆ ಸರಿಯಾಗಿ ಬದಲಾಯಿಸಲಾ ಎಂದು ತಾನೇ ಕೇಳುತ್ತದೆ. ಪ್ರಾಕ್ಸಿ ಆನ್ ಮಾಡಿದರೆ, ಎಡಿಟ್ ಮಾಡುವಾಗ ಹಗುರವಾಗಿ ಓಡಲೆಂದು, ಹಿಂದೆ ಸುಮ್ನೆ ಚಿಕ್ಕ ಕ್ಲಿಪ್‌ಗಳನ್ನು ಮಾಡಿಕೊಳ್ಳುತ್ತಾ ಹೋಗುತ್ತದೆ. ಎರಡು ಕ್ಯಾಮೆರಾಗಳನ್ನು ಸೌಂಡ್ ನೋಡಿ ಹೊಂದಿಸುತ್ತದೆ. ವಾಲಗ ಜೋರಾಗಿರುವ ಅಕ್ಷತೆ ಹೊತ್ತಿನ ಕ್ಲಿಪ್‌ಗಳು ಕೂಡ ಚೆನ್ನಾಗಿ ಕೂತವು.

ಟೈಟಲ್ ವಿಷಯಕ್ಕೂ ನನಗೆ ಇದೇ ಹಿಡಿಸಿತು. ಯೂನಿಕೋಡ್ ಫಾಂಟ್ ಆದರೆ ಒತ್ತಕ್ಷರ ಒಡೆಯದೆ ಬರುತ್ತದೆ. ಪ್ರೆಸ್‌ನವರು ಲಗ್ನಪತ್ರಿಕೆಯ ಹೆಸರುಗಳನ್ನು ಹಳೆ ನುಡಿ ಫಾಂಟ್‌ನಲ್ಲಿ ಕಳಿಸಿದರೆ ಮಾತ್ರ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ರಿಸಾಲ್ವ್‌ಗಾದರೆ ನಾನು ಹೆಸರುಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು, ಪಿಎನ್‌ಜಿ ಚಿತ್ರ ಮಾಡಿ ತರುತ್ತೇನೆ.

ಇನ್ನು ಬಣ್ಣ. ಇಲ್ಲಿ ರಿಸಾಲ್ವ್ ಮುಂದೆ ಕೆಡೆನ್‌ಲೈವ್ ನಿಲ್ಲುವುದಿಲ್ಲ. ರಿಸಾಲ್ವ್ ಹುಟ್ಟಿದ್ದೇ ಕಲರ್ ಕೆಲಸಕ್ಕೆ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2009ರಲ್ಲಿ ಡಾವಿಂಚಿಯನ್ನು ಕೊಳ್ಳುವ ಮೊದಲು ಅದು ದೊಡ್ಡ ಲ್ಯಾಬ್‌ಗಳಲ್ಲಿ ಮಾತ್ರ ಇದ್ದ ದುಬಾರಿ ಸಿಸ್ಟಮ್. ಕಲ್ಯಾಣ ಮಂಟಪದ ನೇರಳೆ ಎಲ್‌ಇಡಿ ಬೆಳಕು ಮದುಮಗಳ ಅರಿಶಿನ ಹಚ್ಚಿದ ಮುಖದ ಮೇಲೆ ಬಿದ್ದರೆ ಹೇಗೆ ಕಾಣುತ್ತದೆ ಅಂತ ಈ ಕೆಲಸದವರಿಗೆಲ್ಲ ಗೊತ್ತು. ರಿಸಾಲ್ವ್‌ನಲ್ಲಿ ಮುಖದ ಸುತ್ತ ಒಂದು ವಿಂಡೋ (ಆಯ್ದ ಜಾಗದ ಗೆರೆ) ಹಾಕಿ, ಟ್ರ್ಯಾಕ್ ಒತ್ತಿ, ಅಷ್ಟಕ್ಕೇ ಬಣ್ಣ ತಿದ್ದಬಹುದು. ಆಕೆ ತಲೆ ತಿರುಗಿಸಿದರೂ ವಿಂಡೋ ಜೊತೆಗೇ ಹೋಗುತ್ತದೆ. ಕೆಡೆನ್‌ಲೈವ್‌ನಲ್ಲೂ ಅಂಥ ಮಾಸ್ಕ್ ಇದೆ, ಬೆಳಕು ಮತ್ತು ಬಣ್ಣ ಅಳೆಯುವ ವೇವ್‌ಫಾರ್ಮ್, ವೆಕ್ಟರ್‌ಸ್ಕೋಪ್ ಎಲ್ಲ ಇದೆ. ಆದರೆ ಈ ತರಹದ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಪ್ರಿವ್ಯೂ ಕೂಡ ತಡವರಿಸುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸಂಜೆ ತೇರು ಎಳೆಯುವಾಗಿನ ಫುಟೇಜ್‌ನಲ್ಲೂ ಇದೇ ಅನುಭವ. ಧೂಳು, ಇಳಿಬಿಸಿಲು, ಮೇಲಿಂದ ಬೀಳುವ ಉತ್ತತ್ತಿ. ಆಕಾಶ ಸುಟ್ಟುಹೋಗದ ಹಾಗೆ ಜನರ ಮುಖ ಮೇಲೆತ್ತುವ ಕೆಲಸ ರಿಸಾಲ್ವ್‌ನಲ್ಲಿ ಆಟದಷ್ಟು ಸಲೀಸು. ಮಬ್ಬು ಬೆಳಕಿನ ಕಾಳುಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಮಾತ್ರ ಉಚಿತದಲ್ಲಿ ಇಲ್ಲ, ಅದು ದುಡ್ಡು ಕೊಡಬೇಕಾದ ಸ್ಟುಡಿಯೊ ಆವೃತ್ತಿಗೇ ಮೀಸಲು.

ಹಾಗಾಗಿ ಈಗ ನಾನು ಮಾಡುವುದು ಹೀಗೆ. ಮೂರು ಗಂಟೆಯ ಟ್ರೆಡಿಷನಲ್ ವಿಡಿಯೊ ಪೂರ್ತಿ ಕೆಡೆನ್‌ಲೈವ್‌ನಲ್ಲೇ. ಆಯ್ದ ಕ್ಷಣಗಳ ಚಿಕ್ಕ ವಿಡಿಯೊ ಆದ ಹೈಲೈಟ್ಸ್‌ಗೆ ಬೇಕಾದ ಶಾಟ್‌ಗಳನ್ನು ಮೊದಲು ಅಲ್ಲೇ ಆರಿಸಿ, ಅಷ್ಟನ್ನು ಮಾತ್ರ ಡಿಎನ್‌ಎಕ್ಸ್‌ಎಚ್‌ಆರ್ ಮಾಡಿ ರಿಸಾಲ್ವ್‌ಗೆ ಕಳಿಸುತ್ತೇನೆ. 500 ಜಿಬಿ ಆಗಬೇಕಾದ್ದು 20 ಜಿಬಿ ಒಳಗೇ ಮುಗಿಯುತ್ತದೆ. ರಿಸಾಲ್ವ್‌ನಿಂದ ಹೊರಗೆ ಬರುವಾಗಲೂ ಎಚ್.264 ಸಿಗಲ್ಲ, ಮತ್ತೆ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು ಎಂಪಿ4 ಮಾಡಬೇಕು. "ಅಣ್ಣಾ, ಸ್ಟೇಟಸ್‌ಗೆ ಹಾಕಬೇಕ್ರಿ, ಇವತ್ತ ಕೊಡ್ರಿ" ಅಂತ ಫೋನ್ ಬರುವ ದಿನ ಮಾತ್ರ ರಿಸಾಲ್ವ್ ತೆರೆಯುವುದೇ ಇಲ್ಲ.

ಏಪ್ರಿಲ್ ಬಿಸಿಲಿಗೆ ಕರೆಂಟ್ ಕೈಕೊಡುವ ನಮ್ಮ ಕಡೆಗೆ ಇನ್ನೊಂದು ಮಾತು. ಎರಡೂ ಕೆಲಸವನ್ನು ತಾವೇ ಉಳಿಸಿಕೊಳ್ಳುತ್ತವೆ, ಆದರೂ ಯುಪಿಎಸ್ ಬೇಕೇ ಬೇಕು. ವ್ಯತ್ಯಾಸ ಇರುವುದು ಫೈಲ್‌ನಲ್ಲಿ. ರಿಸಾಲ್ವ್ ಪ್ರಾಜೆಕ್ಟ್‌ಗಳನ್ನು ತನ್ನ ಡೇಟಾಬೇಸ್ ಒಳಗೆ ಇಡುತ್ತದೆ, ಎಕ್ಸ್‌ಪೋರ್ಟ್ ಮಾಡಿ ಬ್ಯಾಕಪ್ ಇಟ್ಟುಕೊಳ್ಳಬೇಕು. ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಒಂದು ಎಕ್ಸ್‌ಎಂಎಲ್ ಫೈಲ್, ಅಂದರೆ ಓದಬಹುದಾದ ಟೆಕ್ಸ್ಟ್, ಅಷ್ಟೇ. ಫುಟೇಜ್ ಬೇರೆ ಡಿಸ್ಕ್‌ಗೆ ಹೋದರೆ ಆ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ಹಳೆ ದಾರಿ ಇದ್ದಲ್ಲೆಲ್ಲ ಹೊಸದನ್ನು ಹಾಕಿದರೆ ಕ್ಲಿಪ್‌ಗಳು ಸಿಕ್ಕಿಬಿಡುತ್ತವೆ.

ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಗೆ 295 ಡಾಲರ್, ಒಂದೇ ಸಲ ಕಟ್ಟುವುದು. ಎನ್‌ವಿಡಿಯಾ ಕಾರ್ಡ್ ಇದ್ದರೆ ಲಿನಕ್ಸ್‌ನಲ್ಲೂ ಎಚ್.264, ಎಚ್.265 ಓದುತ್ತದೆ. ತಿಂಗಳಿಗೆ ನಾಲ್ಕೈದು ಹೈಲೈಟ್ಸ್ ಮಾಡುವವರಿಗೆ ಅದು ದಂಡ ಅಲ್ಲ. ಆದರೆ ನಿಮ್ಮ ಕೆಲಸ ಎಡಿಯಸ್ ಟೆಂಪ್ಲೇಟ್‌ಗಳ ಮೇಲೇ ನಿಂತಿದ್ದರೆ, ಅಥವಾ ಮಿಕ್ಸಿಂಗ್‌ಗೆ ಬೇರೆ ಊರಿನವರಿಗೆ ಪ್ರಾಜೆಕ್ಟ್ ಕಳಿಸುತ್ತಿದ್ದರೆ, ಇರುವ ವಿಂಡೋಸ್ ಕಂಪ್ಯೂಟರನ್ನು ಈ ಸೀಸನ್ ಮುಗಿಯುವ ತನಕ ಮುಟ್ಟಬೇಡಿ.