ಅರವತ್ತರ ನಂತರಕ್ಕೆ ಯಾವುದು: ತೋಟವೋ, ಪಿಪಿಎಫ್ಓ, ಎನ್‌ಪಿಎಸ್ಓ?

ಮಲೆನಾಡಿನಲ್ಲಿ ನಿವೃತ್ತಿಯ ಮಾತೆತ್ತಿದರೆ ಸಿಗುವ ಉತ್ತರ ಒಂದೇ: "ತೋಟ ಇದೆಯಲ್ಲ ಮಾರಾಯ್ರೇ, ಇನ್ನೇನು ಚಿಂತೆ?" ನನ್ನದು ಶಿವಮೊಗ್ಗದಲ್ಲಿ ಪಿಂಚಣಿಯಿಲ್ಲದ ಖಾಸಗಿ ನೌಕರಿ, ತೀರ್ಥಹಳ್ಳಿ ಕಡೆ ಪಾಲಿಗೆ ಬಂದ ಅಡಿಕೆ ತೋಟವೂ ಇದೆ. ಮೂವತ್ತರ ಹೊತ್ತಿಗೆ ಅಂಚೆ ಕಚೇರಿಯಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆದೆ, ಆಮೇಲೆ ಎನ್‌ಪಿಎಸ್‌ಗೂ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಸೇರಿದೆ. ಮೂರನ್ನೂ ಜೊತೆಯಲ್ಲೇ ನಡೆಸಿಕೊಂಡು ಬಂದವನಾಗಿ ನಾನು ಕೇಳುವ ಪ್ರಶ್ನೆ ಇಷ್ಟೇ: ಮಂಡಿನೋವು ಶುರುವಾದ ಮೇಲೂ ದುಡ್ಡು ತಾನಾಗಿ ಬರುತ್ತದೆಯೇ?

ತೋಟದಿಂದಲೇ ಶುರು ಮಾಡೋಣ. ಒಳ್ಳೆಯ ಧಾರಣೆಯ ವರ್ಷದಲ್ಲಿ ಉಳಿದೆರಡೂ ಅದರ ಹತ್ತಿರ ಸುಳಿಯಲಾರವು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೂ ಇಲ್ಲ. ಆದರೆ ಸಸಿ ನೆಟ್ಟು ಐದಾರು ವರ್ಷ ಕಾಯಬೇಕು. ಫಸಲು ಬಂದ ಮೇಲೆ ಮಳೆಗಾಲಕ್ಕೆ ಮುನ್ನ ಒಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಎಂಬ ಔಷಧಿ ದ್ರಾವಣ ಹೊಡೆಸಬೇಕು. ಮಳೆ ಬಿಡುವು ಕೊಡದಿದ್ದರೆ ಕೊಳೆ ರೋಗ ಗ್ಯಾರಂಟಿ. ಈಗ ಎಲೆಚುಕ್ಕೆ ರೋಗ ಬೇರೆ. ಹೊಸನಗರ, ತೀರ್ಥಹಳ್ಳಿ ಕಡೆ ಅದರಿಂದ ಕಂಗಾಲಾದ ತೋಟಗಳನ್ನು ನೋಡಿದವರಿಗೆ "ತೋಟ ಇದೆಯಲ್ಲ" ಎನ್ನುವ ಧೈರ್ಯ ಬಾರದು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗುವುದೇ ಕಷ್ಟ. ನೆಲದಲ್ಲೇ ನಿಂತು ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ ನಿಜ, ಅದನ್ನು ಹಿಡಿಯಲೂ ರಟ್ಟೆ ಬೇಕು. ಕೊನೆಗೂ ತೋಟ ಕೇಳುವುದು ಯಜಮಾನನ ಮೈಯನ್ನೇ, ಅದೂ ಮೈ ಸೋಲುವ ವಯಸ್ಸಿನಲ್ಲಿ.

ಪಿಪಿಎಫ್ ಇದಕ್ಕೆ ತದ್ವಿರುದ್ಧ, ನೀರಸ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು, ಅವಧಿ 15 ವರ್ಷ, ಬಳಿಕ ಐದೈದು ವರ್ಷ ಮುಂದುವರಿಸಬಹುದು. 2020ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 7.9ರಿಂದ 7.1ಕ್ಕೆ ಇಳಿದದ್ದು ಮತ್ತೆ ಮೇಲೇಳಲಿಲ್ಲ ಎಂಬ ಬೇಸರ ನನಗೂ ಇದೆ. ಆದರೂ ಬೇಗ ಶುರು ಮಾಡುವುದರ ಬೆಲೆ ತಿಳಿಯುವುದು ಇಲ್ಲೇ. ಪ್ರತಿ ಏಪ್ರಿಲ್ 5ರೊಳಗೆ 60,000 ಕಟ್ಟುವವನಿಗೆ, ಬಡ್ಡಿ ಹೀಗೇ ಇದ್ದರೆ, ನಲವತ್ತಕ್ಕೆ ಆರಂಭಿಸಿದಲ್ಲಿ ಅರವತ್ತಕ್ಕೆ ಸುಮಾರು 26.6 ಲಕ್ಷ ಸಿಗುತ್ತದೆ. ಮೂವತ್ತಕ್ಕೇ ಆರಂಭಿಸಿದರೆ ಸುಮಾರು 62 ಲಕ್ಷ. ಹೆಚ್ಚಿಗೆ ಕಟ್ಟಿದ್ದು ಆರೇ ಲಕ್ಷ! ತಾರೀಖು ಮಾತ್ರ ಮರೆಯಬಾರದು. 5ರ ನಂತರ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿಯಿಲ್ಲ. ಬೇಕೆಂದಾಗ ಪೂರ್ತಿ ತೆಗೆಯಲು ಬರುವುದಿಲ್ಲ ಎಂದು ಗೊಣಗುವವರುಂಟು. ನನಗೆ ಅದೇ ಇಷ್ಟ. ಭಾವಮೈದುನ ಹೊಸ ವ್ಯಾಪಾರದ ಯೋಜನೆ ಹಿಡಿದು ಬಂದಾಗ ಸುಳ್ಳು ಹೇಳದೆ ಇಲ್ಲವೆನ್ನಬಹುದು.

ಎನ್‌ಪಿಎಸ್ 2009ರಿಂದ ಎಲ್ಲರಿಗೂ ತೆರೆದಿದೆ. ಹಣದ ಒಂದು ಪಾಲು ಷೇರುಪೇಟೆಗೆ ಹೋಗುವುದರಿಂದ ಬೆಳವಣಿಗೆ ಪಿಪಿಎಫ್‌ಗಿಂತ ಚುರುಕಾಗಬಹುದು. 2020ರ ಮಾರ್ಚ್‌ನಂತಹ ಕುಸಿತದಲ್ಲಿ ಎದೆ ಗಟ್ಟಿ ಇರಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 50,000 ರೂಪಾಯಿಯ ಹೆಚ್ಚುವರಿ ವಿನಾಯಿತಿ ಇದೆ. ನನ್ನ ತಕರಾರು ಒಂದೇ: ಅರವತ್ತಕ್ಕೆ, ಮೊತ್ತ ತೀರಾ ಸಣ್ಣದಲ್ಲದಿದ್ದರೆ, ಒಂದು ಪಾಲಿನಿಂದ ವಿಮಾ ಕಂಪನಿಯ ಪಿಂಚಣಿ ಕೊಳ್ಳಲೇಬೇಕು. ಆ ಪಿಂಚಣಿ ಸಾಮಾನ್ಯವಾಗಿ ಬೆಲೆಯೇರಿಕೆಯ ಜೊತೆ ಏರುವುದಿಲ್ಲ, ತೆರಿಗೆಯೂ ಉಂಟು.

ತೋಟದ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳುವುದು ಸರ್ಕಾರದ ಅಟಲ್ ಪಿಂಚಣಿ ಯೋಜನೆ. 18ಕ್ಕೆ ಸೇರಿದರೆ ತಿಂಗಳಿಗೆ 210 ರೂಪಾಯಿ, ಅರವತ್ತರಿಂದ ತಿಂಗಳಿಗೆ 5,000. ಅದೇ ಪಿಂಚಣಿಗೆ 40ಕ್ಕೆ ಸೇರುವವರು 1,454 ಕಟ್ಟಬೇಕು. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಸೇರುವಂತಿಲ್ಲ.

ಒಂದನ್ನೇ ಆರಿಸಿಕೊಳ್ಳಿ ಎಂದರೆ ನನ್ನ ಮತ ಪಿಪಿಎಫ್‌ಗೆ. ಅರವತ್ತಾದ ಮೇಲೆ ಅದರಿಂದ 30 ಲಕ್ಷ ತೆಗೆದು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ, ಈಗಿನ ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬೀಳುತ್ತದೆ. ಎನ್‌ಪಿಎಸ್‌ಗೆ ಸಂಬಳ ಹೆಚ್ಚಾದಾಗಲೆಲ್ಲ ಸ್ವಲ್ಪ ಸೇರಿಸುತ್ತಿದ್ದೇನೆ. ತೋಟವನ್ನು ಮಾರುವುದಿಲ್ಲ, ನಂಬಿಯೂ ಕೂರುವುದಿಲ್ಲ: ಮುಂದೆ ಫಸಲನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುವುದೇ ಎಂದುಕೊಂಡು, ಅದರ ಆದಾಯವನ್ನು ನಿವೃತ್ತಿಯ ಲೆಕ್ಕದಲ್ಲಿ ಈಗಿನ ಅರ್ಧಕ್ಕೆ ಹಿಡಿದಿದ್ದೇನೆ.