ವಿಯೆಟ್ನಾಂನ ಡಾ ನಾಂಗ್‌ನಲ್ಲಿ 82 ದಿನ: ನಾವಿದ್ದ ಬಾಡಿಗೆ ಮನೆ ವಯಸ್ಸಾದವರಿಗೆ ಸರಿಹೋಗುತ್ತಾ?

ಲಿಫ್ಟ್ ಇದೆಯಾ? ಮನೆ ನೋಡಲು ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ ಇದು. ಕಾರಣ ಇತ್ತು. ಬರುವ ಮೊದಲೇ ಫೋಟೋ ನೋಡಿ ಬುಕ್ ಮಾಡಿದ್ದ ಜಾಗದಲ್ಲಿ ಲಿಫ್ಟ್ ಕೆಟ್ಟಿತ್ತು. ನಮ್ಮ ಯಜಮಾನರಿಗೆ 71 ವರ್ಷ, ಬಲ ಮಂಡಿಯ ಆಪರೇಷನ್ ಆಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೂರು ಮಹಡಿ ಹತ್ತಿ ಇಳಿದು ಎರಡೇ ದಿನಕ್ಕೆ ಮಂಡಿ ಊದಿಕೊಂಡಿತು. ಕೊಟ್ಟ ಮುಂಗಡದಲ್ಲಿ ಅರ್ಧ ವಾಪಸ್ ಬಂತು, ಅರ್ಧ ಬರಲಿಲ್ಲ. ಹಾಗಾಗಿ ಹೇಳುತ್ತೇನೆ, ತಿಂಗಳುಗಟ್ಟಲೆ ಇರುವುದಾದರೆ ಮೊದಲ ಮೂರು ದಿನ ಹೋಟೆಲ್‌ನಲ್ಲಿ ಇದ್ದು, ಕಣ್ಣಾರೆ ನೋಡಿ ಆಮೇಲೆ ಮನೆ ಹಿಡಿಯಿರಿ.

ನಾವು ಹಿಡಿದದ್ದು ಆನ್ ಥುವಾಂಗ್ ಎನ್ನುವ ಬಡಾವಣೆಯಲ್ಲಿ. ಮಿ ಖೇ ಬೀಚ್‌ಗೆ ಏಳೆಂಟು ನಿಮಿಷದ ನಡಿಗೆ, ದಾರಿ ಪೂರ್ತಿ ಸಮತಟ್ಟು. ನಾಲ್ಕನೇ ಮಹಡಿ, ಒಂದು ಮಲಗುವ ಕೋಣೆ, ಪುಟ್ಟ ಅಡುಗೆಮನೆ, ಬಟ್ಟೆ ಒಣಹಾಕಲು ಬಾಲ್ಕನಿ. ತಿಂಗಳ ಬಾಡಿಗೆ 1 ಕೋಟಿ 10 ಲಕ್ಷ ಡಾಂಗ್. ಕೋಟಿ ಅಂದ ತಕ್ಷಣ ಗಾಬರಿ ಬೇಡ, ಅಲ್ಲಿನ ದುಡ್ಡಿನಲ್ಲಿ ಸೊನ್ನೆಗಳೇ ಜಾಸ್ತಿ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಕತ್ತಲಲ್ಲಿ ಕೊಡುವಾಗ ಹುಷಾರಾಗಿರಬೇಕು. ನಾನು ಎರಡನ್ನೂ ಬೇರೆ ಬೇರೆ ಪರ್ಸ್‌ನಲ್ಲಿ ಇಟ್ಟುಕೊಂಡೆ.

ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ನಾವು 2025ರ ಮಾರ್ಚ್ 3ಕ್ಕೆ ಹೋಗಿ ಮೇ 23ರವರೆಗೆ ಇದ್ದೆವು. ವಿದೇಶಿಯರು ಉಳಿದುಕೊಂಡರೆ ಮನೆಯವರು ಪೊಲೀಸರಿಗೆ ತಿಳಿಸಲೇಬೇಕು ಎಂಬ ನಿಯಮ ಅಲ್ಲಿದೆ. ಮನೆಯೊಡತಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ಅವತ್ತೇ ಆ ಕೆಲಸ ಮುಗಿಸಿದರು. "ಅದೆಲ್ಲ ಬೇಡ ಬಿಡಿ" ಎನ್ನುವ ಮನೆಯವರು ಸಿಕ್ಕರೆ ಅಲ್ಲಿ ಇರಬೇಡಿ.

ಈಗ ಬಚ್ಚಲಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ನೋಡಿದ ಆರು ಮನೆಗಳಲ್ಲಿ ಐದರಲ್ಲಿ ಶವರ್‌ಗೆ ಅಡ್ಡಗೋಡೆ ಇರಲಿಲ್ಲ, ಗಾಜೂ ಇರಲಿಲ್ಲ. ಒಬ್ಬರು ಸ್ನಾನ ಮಾಡಿದರೆ ಕಮೋಡ್‌ವರೆಗೆ ನೆಲವೆಲ್ಲ ಒದ್ದೆ. ನುಣುಪಾದ ಟೈಲ್ಸ್ ಬೇರೆ. ನಮ್ಮ ಮನೆಯೂ ಹಾಗೇ ಇತ್ತು. ನಾಲ್ಕನೇ ದಿನ ನಾನೇ ಜಾರಿದೆ. ವಾಶ್‌ಬೇಸಿನ್ ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ. ಅವತ್ತೇ ಎರಡು ರಬ್ಬರ್ ಮ್ಯಾಟ್, ಒಂದು ನೀರು ತಳ್ಳುವ ಕೋಲು, ಒಂದು ಪ್ಲಾಸ್ಟಿಕ್ ಸ್ಟೂಲ್ ತಂದೆವು. ಕುಳಿತು ಸ್ನಾನ ಮಾಡುವುದನ್ನು ರೂಢಿ ಮಾಡಿಕೊಂಡೆವು. ಗೋಡೆಗೆ ಹಿಡಿ ಹಾಕಿಸಿ ಎಂದು ಕೇಳಿದೆ. ಆಯಿತು ಅಂದರು, ಹಾಕಿಸಲಿಲ್ಲ. ಇಡೀ ಮನೆಯಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ಇದೊಂದೇ.

ಕರೆಂಟ್ ಬಿಲ್ ಬಾಡಿಗೆಯಲ್ಲಿ ಸೇರಿರಲಿಲ್ಲ, ಯೂನಿಟ್‌ಗೆ 4 ಸಾವಿರ ಡಾಂಗ್. ಮಾರ್ಚ್‌ನಲ್ಲಿ 7 ಲಕ್ಷದ ಒಳಗಿತ್ತು. ಮೇ ತಿಂಗಳ ಸೆಕೆಗೆ ಹಗಲೂ ಎಸಿ ಬೇಕಾಯಿತು, 12 ಲಕ್ಷ ದಾಟಿತು. ಮೀಟರ್ ಫೋಟೋ ತೆಗೆದಿಟ್ಟುಕೊಳ್ಳಿ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು, ಬೆಳಿಗ್ಗೆ 7ಕ್ಕೇ ಸದ್ದು ಶುರು. ನಾವು ಆ ಹೊತ್ತಿಗೆ ಎದ್ದು ಹೊರಗೆ ಇರುತ್ತಿದ್ದೆವು, ತೊಂದರೆ ಆಗಲಿಲ್ಲ. ತಡವಾಗಿ ಏಳುವವರಿಗೆ ಕಷ್ಟ.

ಅಡುಗೆಮನೆಗೆ ಪೂರ್ತಿ ಅಂಕ. ಇಂಡಕ್ಷನ್ ಒಲೆ, ಫ್ರಿಜ್, ರೈಸ್ ಕುಕ್ಕರ್ ಎಲ್ಲ ಇತ್ತು. ನಾವು ಸಸ್ಯಾಹಾರಿಗಳು. ಸಾರಿನ ಪುಡಿ, ಇಂಗು, ಒಂದು ಕೆಜಿ ತೊಗರಿಬೇಳೆ ತೆಗೆದುಕೊಂಡು ಹೋಗಿದ್ದೆವು. ಬೇಳೆ ಮುಗಿದ ಮೇಲೆ ಹೆಸರುಬೇಳೆಗೆ ಬಂದೆವು, ಅದು ಅಲ್ಲಿ ಧಾರಾಳವಾಗಿ ಸಿಗುತ್ತದೆ. ಬಾಕ್ ಮಿ ಆನ್ ಮಾರ್ಕೆಟ್‌ಗೆ ನಿಧಾನವಾಗಿ ನಡೆದು ಹೋಗುತ್ತಿದ್ದೆ. ಹುಣಸೆಹಣ್ಣು, ಕೊತ್ತಂಬರಿ, ಪುದೀನ, ತೆಂಗಿನಕಾಯಿ, ಸಣ್ಣಗೆ ಹೆಚ್ಚಿಟ್ಟ ಬಾಳೆಹೂವು! ಬಾಳೆಹೂವು ಬಿಡಿಸಿ, ನಾರು ತೆಗೆದು, ಹೆಚ್ಚುವ ಕೆಲಸ ಗೊತ್ತಿದ್ದವರಿಗೆ ಆ ಸಂತೋಷ ಅರ್ಥವಾಗುತ್ತದೆ. ಎಳೆ ಹಲಸಿನಕಾಯಿಯೂ ಸಿಗುತ್ತಿತ್ತು, ಪಲ್ಯ ಮಾಡಿದೆ.

ಸೊಪ್ಪು ಮಾರುವ ಹೆಂಗಸು ದೂರದಿಂದ ನನ್ನನ್ನು ಕಂಡರೆ "ಬಾ ಓಯ್!" ಎಂದು ಕೂಗುತ್ತಿದ್ದಳು. ಮೊದಲ ದಿನ ನಾನು ನಿಂತೇಬಿಟ್ಟೆ, ಕನ್ನಡದಲ್ಲಿ ಕರೆದಳೇನೋ ಅಂತ. 'ಬಾ' ಅಂದರೆ ಅವರ ಭಾಷೆಯಲ್ಲಿ ಅಜ್ಜಿ. ದೇಶ ಬಿಟ್ಟು ಬಂದ ಕಡೆ ಯಾರೋ ಹಾಗೆ ಕರೆದದ್ದು ಎದೆಗೆ ತಾಗಿತು.

ಹೊರಗೆ ಊಟ ಮಾಡುವುದಾದರೆ 'ಚಾಯ್' ಎಂಬ ಪದ ಕಲಿಯಿರಿ. ಟೀ ಅಲ್ಲ, ಸಸ್ಯಾಹಾರ. ಬೋರ್ಡಿನಲ್ಲಿ 'ಕೋಮ್ ಚಾಯ್' ಎಂದಿದ್ದರೆ ಅಲ್ಲಿ ಅನ್ನ, ತೋಫು, ತರಕಾರಿ ನೆಮ್ಮದಿಯಾಗಿ ತಿನ್ನಬಹುದು. ಹುಣ್ಣಿಮೆಯ ದಿನ ಮತ್ತು ಅವರ ಪಂಚಾಂಗದಲ್ಲಿ ತಿಂಗಳ ಮೊದಲ ದಿನ ಎಷ್ಟೋ ಬೌದ್ಧರು ಮಾಂಸ ಬಿಡುತ್ತಾರೆ, ಅವತ್ತು ಈ ಅಂಗಡಿಗಳು ತುಂಬಿರುತ್ತವೆ. ಬೇರೆ ಕಡೆ ಬರೀ ಸೊಪ್ಪಿನ ಪಲ್ಯ ಕೇಳಿದರೂ ಮೀನಿನ ಸಾಸ್ ಬಿದ್ದಿರಬಹುದು. 'ನ್ಯೂಕ್ ಮಾಮ್' ಬೇಡ ಎಂದು ಬರೆಸಿಕೊಂಡ ಚೀಟಿ ನನ್ನ ಚೀಲದಲ್ಲಿ ಯಾವಾಗಲೂ ಇತ್ತು.

ಸಮುದ್ರದ ಬಗ್ಗೆ ಹೇಳದೆ ಈ ಮನೆಯ ಬೆಲೆ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ 5:15ರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ. ಅಷ್ಟು ಹೊತ್ತಿಗೆ ಮಿ ಖೇ ದಂಡೆ ಜನರಿಂದ ತುಂಬಿರುತ್ತದೆ. ಹೆಚ್ಚಿನವರು ಊರಿನ ಹಿರಿಯರೇ. ಈಜುತ್ತಾರೆ, ಕೈಕಾಲು ಆಡಿಸುತ್ತಾರೆ, ಸೂರ್ಯ ಏರುವಷ್ಟರಲ್ಲಿ ಮನೆಗೆ ಹೊರಡುತ್ತಾರೆ. ಬುಟ್ಟಿಯ ಹಾಗೆ ಗುಂಡಗಿರುವ ದೋಣಿಗಳು ಮರಳಿನ ಮೇಲೆ ಇರುತ್ತವೆ. ಉತ್ತರಕ್ಕೆ ಸೋನ್ ಟ್ರಾ ಬೆಟ್ಟದಲ್ಲಿ 67 ಮೀಟರ್ ಎತ್ತರದ ಬಿಳಿ ಮೂರ್ತಿ, ಲಿನ್ ಉಂಗ್ ಬೌದ್ಧ ದೇವಸ್ಥಾನದ ಕರುಣಾದೇವಿ, ಸಮುದ್ರ ನೋಡುತ್ತಾ ನಿಂತಿದ್ದಾಳೆ. ಯಜಮಾನರು ಮೊದಲ ವಾರ ಪಾದ ಮಾತ್ರ ತೋಯಿಸಿಕೊಂಡರು. ಎರಡನೇ ವಾರ ಮೊಳಕಾಲು. ಏಪ್ರಿಲ್‌ನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಡೆಯುತ್ತಿದ್ದರು. ಕೋಲು ಮರಳಿನಲ್ಲಿ ಚುಚ್ಚಿಟ್ಟಿರುತ್ತಿತ್ತು, ನಾನು ಅದರ ಪಕ್ಕ ಕುಳಿತಿರುತ್ತಿದ್ದೆ. ಆಪರೇಷನ್ ಆದ ಮೇಲೆ ಅವರು ಅಷ್ಟು ಧೈರ್ಯವಾಗಿ ಹೆಜ್ಜೆ ಇಟ್ಟದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಕೆಂಪು ಬಾವುಟ ಇದ್ದ ದಿನ ಮಾತ್ರ ನೀರಿಗೆ ಬಿಡುತ್ತಿರಲಿಲ್ಲ.

ಹಾನ್ ನದಿಯ ಪಕ್ಕದ ಚಾಮ್ ಶಿಲ್ಪ ಮ್ಯೂಸಿಯಂಗೆ ಮೂರು ಸಲ ಹೋದೆವು. ಚಾಮ್ ಅಂದರೆ ಹಿಂದೆ ಆ ಕಡೆ ಆಳಿದ ಜನ. ಮ್ಯೂಸಿಯಂ 1919ರಲ್ಲಿ ತೆರೆದದ್ದು. ಮಿ ಸೋನ್ ಎಂಬ ಹಳೆಯ ದೇವಾಲಯಗಳ ಜಾಗದಿಂದ ತಂದ ಗಣಪ ಅಲ್ಲಿದ್ದಾನೆ. ಕುಳಿತಿಲ್ಲ, ನಿಂತಿದ್ದಾನೆ. ಅವನ ಎದುರು ಕೈ ಮುಗಿಯದೆ ಬರಲು ನನ್ನಿಂದ ಆಗಲಿಲ್ಲ. ಮಿ ಸೋನ್‌ಗೂ ಒಂದು ದಿನ ಕಾರು ಮಾಡಿಕೊಂಡು ಹೋಗಿದ್ದೆವು. ಇಟ್ಟಿಗೆಯ ಶಿವಾಲಯಗಳು, 1969ರ ಬಾಂಬಿಗೆ ಕುಸಿದವೂ ಇವೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿ ಮಾಡುವಾಗ 2020ರಲ್ಲಿ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ಗೇಟಿನಿಂದ ಒಳಗಿನವರೆಗೆ ಎಲೆಕ್ಟ್ರಿಕ್ ಗಾಡಿ ಇದೆ, ಮಂಡಿ ನೋವಿನವರೂ ಹೋಗಬಹುದು. ಬೆಳಿಗ್ಗೆ ಬೇಗ ಹೋಗಿ.

ರಸ್ತೆ ದಾಟುವುದು ಕಷ್ಟ. ಬೈಕ್‌ಗಳು ನಿಲ್ಲುವುದಿಲ್ಲ. ಓಡಬೇಡಿ, ಹಿಂದೆ ಹೆಜ್ಜೆ ಇಡಬೇಡಿ, ಒಂದೇ ವೇಗದಲ್ಲಿ ನಡೆಯಿರಿ, ಅವರೇ ಸುತ್ತಿ ಹೋಗುತ್ತಾರೆ. ಊರೊಳಗೆ ಗ್ರ್ಯಾಬ್ (ನಮ್ಮ ಓಲಾ ಹಾಗೆ ಫೋನಿನಲ್ಲಿ ಕರೆಸುವ) ಕಾರು ಸಾಕು. ಬಿಪಿ ಮಾತ್ರೆ ಮೂರು ತಿಂಗಳಿಗಾಗುವಷ್ಟು ಡಾಕ್ಟರ ಚೀಟಿ ಸಮೇತ ಒಯ್ಯಿರಿ. ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಭಾರೀ ಮಳೆ, ಆಗ ಹೋಗಬೇಡಿ.

ಈ ಮನೆಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಫೆಬ್ರವರಿ ಕೊನೆಗೆ ಅದೇ ಕಟ್ಟಡ ಕೇಳಿದ್ದೇವೆ, ಈ ಸಲ ಕಟ್ಟಡ ಏಳುತ್ತಿರುವ ಕಡೆ ಬೇಡ, ಆಚೆ ಬದಿಯ ಕೋಣೆ ಕೊಡಿ ಎಂದು. ಬಚ್ಚಲಿಗೆ ಹಿಡಿ ಹಾಕಿಸಿ ಫೋಟೋ ಕಳಿಸಿದರೆ ಮಾತ್ರ ಮುಂಗಡ ಎಂದೂ ಬರೆದಿದ್ದೇನೆ.