ಟೈಪ್ 1 ಡಯಾಬಿಟಿಸ್‌ನಲ್ಲಿ ಟಿ ಸೆಲ್ ನೋಡೋಕೆ ಯಾವ್ದು ವಾಸಿ: ಟೆಟ್ರಾಮರ್, ಎಲಿಸ್ಪಾಟ್, ಸಿಎಫ್‌ಎಸ್‌ಇ

ಇನ್ಸುಲಿನ್ ಮಾಡೋ ಬೀಟಾ ಸೆಲ್‌ಗಳ ಮೇಲೆ ಬೀಳೋ ಟಿ ಸೆಲ್‌ಗಳನ್ನ (ಒಂದು ಥರದ ಬಿಳಿ ರಕ್ತಕಣ) ರಕ್ತದಲ್ಲಿ ಹುಡುಕೋದು ನನ್ನ ಲ್ಯಾಬ್ ಕೆಲ್ಸ, ಈ ಮೂರು ಟೆಸ್ಟನ್ನೂ ನಾನೇ ಕೈಯಾರೆ ಮಾಡಿದೀನಿ. ಲ್ಯಾಬಿಗೆ ಹೊಸದಾಗಿ ಬರೋರು ಯಾವ್ದರಿಂದ ಶುರು ಮಾಡ್ಲಿ ಅಂತ ಕೇಳ್ತಾನೇ ಇರ್ತಾರೆ, ಅವ್ರಿಗೋಸ್ಕರ ಇದು.

ಈ ಸೆಲ್‌ಗಳು ರಕ್ತದಲ್ಲಿ ತೀರಾ ಕಮ್ಮಿ, ಲಕ್ಷಕ್ಕೆ ಒಂದೋ ಎರಡೋ, ಎಷ್ಟೋ ಸಲ ಅಷ್ಟೂ ಇರಲ್ಲ. ಹಾವಳಿ ನಡೀತಿರೋದು ಪ್ಯಾಂಕ್ರಿಯಾಸ್ ಒಳಗೆ. ತಾನಾಗೇ ಡಯಾಬಿಟಿಸ್ ಬರೋ ಎನ್‌ಒಡಿ ಇಲಿ ಆದ್ರೆ ಪ್ಯಾಂಕ್ರಿಯಾಸನ್ನೇ ತೆಗೆದು ನೋಡ್ಬಹುದು, ಮಕ್ಕಳ ಹತ್ರ ಸಿಗೋದು ನಾಲ್ಕೈದು ಎಂಎಲ್ ರಕ್ತ ಅಷ್ಟೇ.

ಮೊದ್ಲು ಟೆಟ್ರಾಮರ್ ನೋಡೋಣ, ಇದು ಬಂದಿದ್ದು 1996ರಲ್ಲಿ. ಎಚ್‌ಎಲ್‌ಎಗೆ (ಟಿ ಸೆಲ್‌ಗೆ ಪ್ರೋಟೀನ್ ತುಣುಕು ತೋರಿಸೋ ಅಣು) ಇನ್ಸುಲಿನ್‌ನ ಒಂದು ಪೆಪ್ಟೈಡ್, ಅಂದ್ರೆ ಒಂದು ತುಣುಕು, ಕೂರಿಸಿ, ಅಂಥ ನಾಲ್ಕನ್ನ ಒಟ್ಟಿಗೆ ಸೇರಿಸಿ ಬಣ್ಣ ಕಟ್ಟಿರ್ತಾರೆ, ಅದನ್ನ ಗುರುತಿಸೋ ಟಿ ಸೆಲ್ ಬಂದು ಅಂಟ್ಕೊಳ್ಳತ್ತೆ. ಸೆಲ್‌ಗಳನ್ನ ಲ್ಯಾಬಲ್ಲಿ ಬೆಳೆಸೋದು ಬೇಡ, ಅವತ್ತೇ ರಿಸಲ್ಟ್. ಆದ್ರೆ ವೈರಸ್ ವಿರುದ್ಧದ ಟಿ ಸೆಲ್ ಥರ ಇವು ಗಟ್ಟಿಯಾಗಿ ಹಿಡಿಯಲ್ಲ, ಅದಕ್ಕೆ ಅರ್ಧ ಗಂಟೆ ಮುಂಚೆ ದಸಾಟಿನಿಬ್ (ಟಿ ಸೆಲ್‌ನ ರಿಸೆಪ್ಟರ್ ಒಳಗೆ ಹೋಗದ ಹಾಗೆ ತಡೆಯೋ ಔಷಧಿ) ಹಾಕಿಟ್ಟು, ಒಂದೇ ಟೆಟ್ರಾಮರನ್ನ ಎರಡು ಬಣ್ಣದಲ್ಲಿ ಕೊಟ್ಟು, ಎರಡೂ ಹತ್ತಿರೋ ಸೆಲ್‌ಗಳನ್ನ ಮಾತ್ರ ಲೆಕ್ಕ ತಗೋತೀನಿ. ಎಚ್‌ಎಲ್‌ಎ ಒಬ್ಬೊಬ್ರಿಗೆ ಒಂದೊಂದು ಥರ, ಎ2 ಅನ್ನೋ ಥರದ ಟೆಟ್ರಾಮರ್ ಎ2 ಇಲ್ದೇ ಇರೋರಿಗೆ ಉಪಯೋಗಕ್ಕೆ ಬರಲ್ಲ. ಅದಕ್ಕಿಂತ ದೊಡ್ಡ ತಲೆನೋವು ಅಂದ್ರೆ ಡಯಾಬಿಟಿಸ್ ಇಲ್ದೋರ ರಕ್ತದಲ್ಲೂ ಇದೇ ಸೆಲ್‌ಗಳು ಹೆಚ್ಚುಕಮ್ಮಿ ಅಷ್ಟೇ ಸಿಗ್ತವೆ, ಸೋ ಬರೀ ಎಣಿಸಿದ್ರೆ ಕಾಯಿಲೆ ಇರೋರು ಯಾರು ಇಲ್ದೋರು ಯಾರು ಗೊತ್ತೇ ಆಗಲ್ಲ.

ಆ ಸೆಲ್ ಏನು ಮಾಡ್ತಿದೆ ಅಂತ ತೋರಿಸೋದು ಎಲಿಸ್ಪಾಟ್, ನನ್ನ ಓಟು ಇದಕ್ಕೇ. ಪೆಪ್ಟೈಡ್ ನೋಡಿ ಸೆಲ್ ಉಗುಳಿದ ಸೈಟೋಕೈನ್ (ಸೆಲ್‌ಗಳು ಸಂದೇಶಕ್ಕೆ ಬಿಡೋ ಪ್ರೋಟೀನ್) ಅಲ್ಲೇ ವೆಲ್ (ಪ್ಲೇಟಿನ ಪುಟ್ಟ ಗುಂಡಿ) ತಳದಲ್ಲಿ ಸಿಕ್ಕಾಕೊಂಡು ಒಂದು ಚುಕ್ಕೆ ಆಗತ್ತೆ. 2004ರಲ್ಲಿ ಲಂಡನ್ ತಂಡ ಒಂದು ತೋರಿಸ್ತು, ಅದೇ ಪೆಪ್ಟೈಡ್‌ಗಳಿಗೆ ಪೇಷಂಟ್‌ಗಳ ಸೆಲ್ ಹೆಚ್ಚಾಗಿ ಗಾಮಾ ಇಂಟರ್‌ಫೆರಾನ್ (ಹಾವಳಿ ಹೆಚ್ಚಿಸೋ ಸೈಟೋಕೈನ್) ಬಿಡ್ತವೆ, ಡಯಾಬಿಟಿಸ್ ಇಲ್ದೋರ ಸೆಲ್ ಹೆಚ್ಚಾಗಿ ಐಎಲ್-10 (ಅದನ್ನ ತಣಿಸೋ ಸೈಟೋಕೈನ್) ಬಿಡ್ತವೆ. ಈ ವ್ಯತ್ಯಾಸಕ್ಕೋಸ್ಕರ ಒಂದೊಂದು ಸೈಟೋಕೈನ್‌ಗೆ ಒಂದೊಂದರಂತೆ ಎರಡೂ ಪ್ಲೇಟ್ ಹಾಕ್ಲೇಬೇಕು ಅನ್ನೋದು ನನ್ನ ಹಠ. ವೆಲ್‌ಗೆ 2 ಲಕ್ಷ ಸೆಲ್, ಒಂದೊಂದಕ್ಕೂ ಮೂರು ವೆಲ್, ಪೆಪ್ಟೈಡ್ ಇಲ್ದಿರೋ ಖಾಲಿ ಕಂಟ್ರೋಲು, ಚುಕ್ಕೆ ಬರಲೇಬೇಕಾದ ಪಾಸಿಟಿವ್ ಕಂಟ್ರೋಲು, ಮೂರು ಪೆಪ್ಟೈಡು ಅಂದ್ರೆ ಒಂದು ಪ್ಲೇಟಿಗೇ 30 ಲಕ್ಷ ಆಯ್ತು, ಒಂದು ಎಂಎಲ್ ರಕ್ತಕ್ಕೆ ಸುಮಾರು 10 ಲಕ್ಷ ಸಿಗತ್ತೆ, ಹಾಗಾಗಿ ಮಕ್ಕಳ ಸ್ಯಾಂಪಲ್ ಆದ್ರೆ ಎರಡನೇ ಪ್ಲೇಟಿಗೆ ಪೆಪ್ಟೈಡ್ ಕಮ್ಮಿ ಮಾಡ್ತೀನಿ. ಕೈ ಹುಷಾರು, ಪಿಪೆಟ್ ತುದಿ ಮೆಂಬ್ರೇನಿಗೆ ತಾಗಿದ್ರೆ ಆ ವೆಲ್ ಹೋಯ್ತು. ಇನ್‌ಕ್ಯುಬೇಟರ್‌ನಲ್ಲಿಟ್ಟ ಮೇಲೆ ಪ್ಲೇಟ್ ಅಲುಗಾಡಿಸ್ಬಾರ್ದು, ದುಂಡಗಿರಬೇಕಾದ ಚುಕ್ಕೆಗೆ ಬಾಲ ಬರತ್ತೆ, ಆಮೇಲೆ ಅದನ್ನ ಎಣಿಸೋಕಾಗಲ್ಲ.

ಸಿಎಫ್‌ಎಸ್‌ಇ ಬಗ್ಗೆ ಜಾಸ್ತಿ ಹೇಳೋದಿಲ್ಲ. ಇದು ಸೆಲ್ ಒಳಗೆ ಹಾಕೋ ಬಣ್ಣ, ಸೆಲ್ ಒಡೆದು ಎರಡಾದಾಗೆಲ್ಲ ಬಣ್ಣ ಅರ್ಧ ಆಗತ್ತೆ, ಪೆಪ್ಟೈಡ್ ಕೊಟ್ಟು ಏಳು ದಿನ ಬಿಟ್ಟು ನೋಡೋದು. ಅಪರೂಪದ ಸೆಲ್ಲೂ ಸಿಗತ್ತೆ ನಿಜ, ಆದ್ರೆ ಏಳು ದಿನ ಬೆಳೆದ್ಮೇಲಿನ ಲೆಕ್ಕ ರಕ್ತದಲ್ಲಿದ್ದ ಲೆಕ್ಕ ಅಲ್ಲ. ಹಾಗೆ ಒಡೆದ ಸೆಲ್‌ಗಳನ್ನ ಆರಿಸಿ ಕ್ಲೋನ್ (ಒಂದೇ ಸೆಲ್‌ನಿಂದ ಬಂದ ಗುಂಪು) ಬೆಳೆಸೋಕಾದ್ರೆ ನಾನೂ ಇದನ್ನೇ ಮಾಡ್ತೀನಿ.

ಟೈಪ್ 1 ಡಯಾಬಿಟಿಸ್ ಬರೋದನ್ನ ಮುಂದಕ್ಕೆ ಹಾಕೋ ಟೆಪ್ಲಿಜುಮ್ಯಾಬ್ ಥರದ ಔಷಧಿ ತಗೊಂಡೋರ ಸ್ಯಾಂಪಲ್ ಆದ್ರೆ ಮಾತ್ರ ನಾನು ಟೆಟ್ರಾಮರ್‌ಗೇ ಹೋಗ್ತೀನಿ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತಲ್ಲ, ಅದನ್ನ ತಗೊಂಡೋರಲ್ಲಿ ಸುಸ್ತಾದ ಥರ ಇರೋ ಸಿಡಿ8 ಸೆಲ್‌ಗಳು (ಬೇರೆ ಸೆಲ್ ಕೊಲ್ಲೋ ಟಿ ಸೆಲ್) ಜಾಸ್ತಿ ಆಗ್ತವೆ, ಮೈಮೇಲೆ ಟಿಜಿಟ್, ಕೆಎಲ್‌ಆರ್‌ಜಿ1 ಅನ್ನೋ ಎರಡೂ ಪ್ರೋಟೀನ್ ಇರೋವು. ಎಲಿಸ್ಪಾಟ್‌ನಲ್ಲಿ ಅಲ್ಲಿ ವೆಲ್ ಖಾಲಿ ಬಂದ್ರೆ ಸೆಲ್ಲೇ ಇಲ್ವಾ ಇಲ್ಲಾ ಇದ್ದೂ ಸುಮ್ನಿದಾವಾ ಹೇಳೋಕಾಗಲ್ಲ, ಟೆಟ್ರಾಮರ್ ಜೊತೆ ಆ ಎರಡು ಪ್ರೋಟೀನ್ ಹಿಡಿಯೋ ಆಂಟಿಬಾಡೀನೂ ಒಂದೇ ಟ್ಯೂಬಿಗೆ ಹಾಕಿದ್ರೆ ಸೆಲ್ ಇದೆಯಾ, ಸುಸ್ತಾಗಿದೆಯಾ ಎರಡೂ ಒಟ್ಟಿಗೆ ಕಾಣತ್ತೆ.